ಮೋಟಾರ್ ಶಂಕರೆಪ್ಪನ ಕಂಪ್ಯೂಟರು

ನನ್ನ ತಮ್ಮ ಶಂಕರೆಪ್ಪ ಬಸವನ ಬಾಗೇವಾಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಮೋಟಾರು ಕಟ್ಟಿದ. ಸುಟ್ಟ ಮೋಟಾರು ಬಂದರೆ ಬಿಚ್ಚಿ, ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿಯ ಸುರುಳಿ ಕೂಡಿಸಿ, ವಾರ್ನಿಶ್ ಕುಡಿಸಿ, ಬಿಸಿಲಿಗಿಟ್ಟು ಒಣಗಿಸಿ ಕೊಡುವುದು ಅವನ ಕೆಲಸ. ಆ ಸುರುಳಿಗೆ ಕಾಯಿಲ್ ಎನ್ನುತ್ತಾರೆ. ಗಂಡ ತೀರಿಕೊಂಡು ನಾನು ತವರಿಗೆ ಬಂದ ಮೇಲೆ ಕಾಯಿಲ್ ಸುತ್ತುವುದು ನನ್ನ ಪಾಲಿಗೆ ಬಂತು. ಕೈಯಂತ್ರ ತಿರುವುತ್ತ, ತಮ್ಮ ಎಷ್ಟು ಸುತ್ತು ಹೇಳುತ್ತಾನೋ ಅಷ್ಟಕ್ಕೆ ನಿಲ್ಲಿಸಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಇಂಡಿಯಿಂದ ಮುದ್ದೇಬಿಹಾಳದವರೆಗೆ ಅವನ ಹೆಸರು ಹಬ್ಬಿತ್ತು. ಅದಕ್ಕೆ ಕಾರಣ ಇದೆ. ನಮ್ಮ ಹಳ್ಳಿಗಳಲ್ಲಿ ಕರೆಂಟಿಗೆ ಬಲ ಕಡಿಮೆ. ನಾನೂರು ವೋಲ್ಟ್ ಬರಬೇಕಾದ ಕಡೆ ಮುನ್ನೂರು ಬಂದರೆ ಹೆಚ್ಚು. ಸರಿಯಾಗಿ ಕಟ್ಟಿದ ಮೋಟಾರು ಆ ಕರೆಂಟಿಗೆ ನರಳುತ್ತದೆಯೇ ಹೊರತು ಏಳುವುದಿಲ್ಲ. ಶಂಕರೆಪ್ಪ ಸುತ್ತು ಕಡಿಮೆ ಮಾಡಿ, ತಂತಿ ದಪ್ಪ ಮಾಡಿ ಕಟ್ಟುತ್ತಿದ್ದ. ಬೇರೆಯವರು ಕಟ್ಟಿದ ಮೋಟಾರು ನಿಂತಲ್ಲಿ ಇವನದು ಬಾವಿಯ ನೀರು ಮೇಲೆ ಎತ್ತುತ್ತಿತ್ತು.

"ಕಂಪನಿಯವ್ರು ಅಂಜುಬುರುಕರು, ಅಕ್ಕಾ" ಎನ್ನುತ್ತಿದ್ದ. "ಐದು ಎಚ್.ಪಿ. ಮೋಟಾರು ಏಳರ ಹೊರಿ ಎಳಿತೈತಿ. ತಗಡಿನ ಮ್ಯಾಲ ಐದು ಅಂತ ಬರದು ಸುಮ್ಮನ ಕುಂಡರ್ತಾರ."

ಮಗಳು ಜಯಮಾಲಾಗೆ ಎರಡು ವರ್ಷವಿದ್ದಾಗ ಅವನ ಹೆಂಡತಿ ತೀರಿಕೊಂಡಳು. ಹುಡುಗಿಯನ್ನು ನಾನೇ ಬೆಳೆಸಿದೆ. ಪಿ.ಯು.ಸಿ. ಮುಗಿಸಿ, ವಿಜಾಪುರಕ್ಕೆ ಬಸ್ಸಿನಲ್ಲಿ ಹೋಗಿಬಂದು ಆರು ತಿಂಗಳು ಕಂಪ್ಯೂಟರು ಕಲಿತಳು. ಎರಡು ಸಾವಿರದ ಇಸವಿಯ ವೈಶಾಖದಲ್ಲಿ ಮೋರಟಗಿಯ ಗಿರಣಿ ಮಲ್ಲಣ್ಣನವರ ಮಗ ಕಲ್ಮೇಶನಿಗೆ ಕೊಟ್ಟೆವು. ಹಿಟ್ಟಿನ ಗಿರಣಿಯ ಮನೆತನ, ಕೈತುಂಬ ಕೆಲಸ. ಮದುವೆಗೆ ಮೊದಲು ಶಂಕರೆಪ್ಪ ಬೀಗರ ಗಿರಣಿಯ ಮೋಟಾರು ತರಿಸಿಕೊಂಡು ತಾನೇ ಹೊಸದಾಗಿ ಕಟ್ಟಿಕೊಟ್ಟ. ಹಳೆಯ ಕಾಯಿಲ್ ಬಿಚ್ಚಿದಾಗ ನಾನು ಎಣಿಸಿದೆ, ನಲವತ್ತೆಂಟು ಸುತ್ತು ಇದ್ದವು. ತಮ್ಮ ನಲವತ್ತೊಂದು ಹಾಕು ಎಂದ. ನಲವತ್ತೊಂದು ಹಾಕಿದೆ.

ಮದುವೆಯಾದ ಐದನೆಯ ದಿನ ಹೊಸ ಸೊಸೆಯ ಕೈಯಿಂದ ಗಿರಣಿ ಚಾಲೂ ಮಾಡಿಸಿದರು. ಜಯಮಾಲಾ ಗುಂಡಿ ಒತ್ತಿದಳು. ಮಧ್ಯಾಹ್ನದೊಳಗೆ ಹೊಗೆ ಬಂದು ಮೋಟಾರು ಸುಟ್ಟಿತು. ಶಂಕರೆಪ್ಪ ಮತ್ತೆ ನಲವತ್ತೊಂದರಂತೆ ಕಟ್ಟಿದ. ಗಣೇಶ ಚೌತಿಯ ಮುಂದೆ ಅದೂ ಸುಟ್ಟಿತು. ಆ ದಿನವೂ ಗುಂಡಿ ಒತ್ತಿದವಳು ಜಯಮಾಲಾ. ಅವಳ ಅತ್ತೆ ರೇಣವ್ವ ಹಿಟ್ಟು ಬೀಸಿಸಲು ಬಂದ ಹೆಂಗಸರ ಮುಂದೆಲ್ಲ ಸೊಸೆಯ ಕೈಗುಣ ನೆಟ್ಟಗಿಲ್ಲ ಎಂದಳು. ಮೊದಲ ದೀಪಾವಳಿಗೆ ಎಂದು ಹುಡುಗಿಯನ್ನು ತವರಿಗೆ ಬಿಟ್ಟುಹೋದರು. ಹಬ್ಬ ಮುಗಿಯಿತು, ಕಾರ್ತಿಕ ಮುಗಿಯಿತು, ಕರೆಯಲು ಯಾರೂ ಬರಲಿಲ್ಲ.

ಮಗಳು ಸುಮ್ಮನೆ ಕೂಡಬಾರದೆಂದು ಶಂಕರೆಪ್ಪ ಒಂದು ಹಳೆಯ ಕಂಪ್ಯೂಟರು ತಂದ. ಕೊಟ್ಟವನು ಇಂಡಿ ಊರಿನ ಪ್ರೇಮಕುಮಾರ, ವಿಜಾಪುರದಲ್ಲಿ ಜಯಮಾಲಾಗೆ ಕಲಿಸಿದವನು. ಅವನೇ ಬಂದು ಪಡಸಾಲೆಯಲ್ಲಿ ಜೋಡಿಸಿದ. ಪೆಟ್ಟಿಗೆ ತೆರೆದು ತಮ್ಮನಿಗೆ ಒಳಗಿನದೆಲ್ಲ ತೋರಿಸಿದ. ಲೆಕ್ಕ ಮಾಡುವ ಚಿಪ್ಪಿಗೆ ಪ್ರೊಸೆಸರ್ ಎನ್ನುತ್ತಾರಂತೆ. ಅದರ ನೆತ್ತಿಯ ಮೇಲೆ ಅಲ್ಯೂಮಿನಿಯಮ್ಮಿನ ಹಲ್ಲುಹಲ್ಲಿನ ಗಟ್ಟಿ, ಗಟ್ಟಿಯ ಮೇಲೆ ಸಣ್ಣ ಫ್ಯಾನು.

"ಇದು ಮುನ್ನೂರು ಸ್ಪೀಡಿನ ಪ್ರೊಸೆಸರ್ರಿ, ಮಾವಾರ" ಎಂದ ಪ್ರೇಮಕುಮಾರ. "ಇಲ್ಲಿ ಸಣ್ಣ ಜಂಪರ್ ಐತಿ ನೋಡ್ರಿ, ಈ ಕರೀ ಟೊಪಗಿ. ಇದನ್ನ ಒಂದು ಮನಿ ಸರಿಸಿದ್ರ ನಾಲ್ಕುನೂರಾ ಐವತ್ತಕ್ಕ ಓಡತೈತಿ. ಕೆಲವ್ರು ಓಡಸ್ತಾರ. ನಾ ಓಡಸಂಗಿಲ್ಲ."

"ಯಾಕ ಓಡಸಂಗಿಲ್ಲ?"

"ಕಾಯ್ತೈತ್ರಿ. ತಲಿ ಕೆಡತೈತಿ."

ಶಂಕರೆಪ್ಪ ನನ್ನ ಕಡೆ ನೋಡಿ ನಕ್ಕ. ಅಂಜುಬುರುಕರ ಪೈಕಿ ಇವನೂ ಒಬ್ಬ ಎಂಬ ನಗೆ ಅದು.

ಕೆಲಸ ತಾನಾಗಿ ಬಂತು. ಹೂವಿನ ಹಿಪ್ಪರಗಿಯ ಚನ್ನಬಸಯ್ಯ ಮಾಸ್ತರರು ನಿವೃತ್ತರಾದ ಮೇಲೆ ಸುತ್ತಲಿನ ಊರುಗಳ ಹಳೆಯ ಬಾವಿಗಳನ್ನು ನೋಡಿ, ಯಾರು ತೋಡಿಸಿದರು, ಎಷ್ಟು ಮೆಟ್ಟಿಲು, ನೀರು ಎಂಥದು ಎಂದು ಬರೆದಿಟ್ಟಿದ್ದರು. ಇನ್ನೂರ ಹನ್ನೆರಡು ಹಾಳೆ. ಅದನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಕೊಡಬೇಕು. ಜಯಮಾಲಾ ಒಪ್ಪಿಕೊಂಡಳು.

ಸಂಕ್ರಮಣದ ದಿನ ಬೀಗರು ಮಲ್ಲಣ್ಣನವರು ಒಬ್ಬರೇ ಬಂದರು. ಎಳ್ಳು ಬೆಲ್ಲ ಕೊಟ್ಟೆ, ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದು ಕುಳಿತರು.

"ಬೀಗರ, ನಮ್ಮ ಓಣಿಗೆ ಹೊಸಾ ಟಿ.ಸಿ. ಕೂಡ್ಸಿದ್ರು, ನಿಮ್ಮ ಹುಡುಗಿ ಬಂದ ವಾರನ" ಎಂದರು. ಟಿ.ಸಿ. ಎಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು. "ಎಲ್ಲಾರ ಮನ್ಯಾಗ ದೀಪ ಹಾಲಿನಂಗ ಉರಿತಾವ. ಕರೆಂಟ್ ತುಂಬಿ ಬರತೈತಿ. ನಮ್ಮ ಗಿರಣ್ಯಾಗ ಅಷ್ಟ ಹೊಗಿ. ಇದಕ್ಕೇನಂತೀರಿ?"

ತಮ್ಮನ ಕೈಯಲ್ಲಿ ಚಹಾದ ಬಸಿ ಇತ್ತು. ಅದು ಹಾಗೇ ನಿಂತಿತು. ಮುನ್ನೂರು ವೋಲ್ಟಿಗೆಂದು ನಲವತ್ತೊಂದು ಸುತ್ತು ಕಟ್ಟಿದ ಮೋಟಾರಿಗೆ ನಾನೂರು ತುಂಬಿ ಬಂದರೆ ಏನಾಗುತ್ತದೆಂದು ಅವನಿಗೆ ಗೊತ್ತು. ಅಷ್ಟು ವರ್ಷ ಅಂಗಡಿಯಲ್ಲಿ ಕುಳಿತ ನನಗೂ ಗೊತ್ತು. ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮಲ್ಲಣ್ಣನವರೇ ಮುಂದೆ ಮಾತಾಡಿದರು. "ಬಸವ ಜಯಂತಿ ಮರುದಿನ ನಾಲ್ಕು ಮಂದಿ ಹಿರಿಯಾರನ್ನ ಕರಕೊಂಡು ಬರ್ತೇನಿ. ಸೋಡಚೀಟಿ ಬರಕೊಂಡು ಸಂಬಂಧ ಹರಕೊಳ್ಳೂಣು. ಜಗಳಿಲ್ಲ, ತಂಟಿಲ್ಲ. ಕೈಗುಣ ಇಲ್ಲದಾಕಿನ್ನ ಗಿರಣಿ ಮನ್ಯಾಗ ಹ್ಯಾಂಗ ಇಟ್ಕೊಳ್ಳೂಣ್ರಿ?"

ಜಯಮಾಲಾ ಒಳಗಿನ ಬಾಗಿಲಲ್ಲಿ ನಿಂತಿದ್ದಳು. "ಮಾವಾರ, ಇಲ್ಲಿ ನನ್ನ ಕೈಯಾಗ ಒಂದು ಯಂತ್ರ ನಡದೈತಿ. ಮಾಸ್ತರ ಪುಸ್ತಕ ಬಸವ ಜಯಂತಿಯೊಳಗ ಮುಗಿಸಿ ನಿಮ್ಮ ಮುಂದ ಇಡ್ತೇನಿ. ಆವಾಗ ಹೇಳ್ರಿ ನನ್ನ ಕೈ ಎಂಥಾದು ಅಂತ."

"ಆತವಾ, ಆತು. ಆ ಡಬ್ಬಿ ಅಲ್ಲೀತನಕ ಜೀವಂತ ಇದ್ರ ನೋಡೂಣು" ಎಂದು ಎದ್ದು ಹೋದರು. ಎಳ್ಳು ಬೆಲ್ಲ ಹೊರಸಿನ ಮೇಲೆ ಉಳಿಯಿತು.

ಮರುದಿನ ಜಯಮಾಲಾ ಗುಡಿಗೆ ಹೋದಾಗ ಶಂಕರೆಪ್ಪ ಅಂಗಡಿಯಿಂದ ಸ್ಕ್ರೂಡ್ರೈವರ್ ತಂದು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ. "ಅಕ್ಕಾ, ಬ್ಯಾಟರಿ ಹಿಡಿ" ಎಂದ. ಹಿಡಿದೆ.

"ಏನ್ ಮಾಡಾಕತ್ತೀದಿ?"

"ಒಂದು ಹಾಳಿ ಮುಗಿಸಿ ಇನ್ನೊಂದು ಬರೂದ್ರಾಗ ಇದು ಎಷ್ಟೊತ್ತು ಮಾಡತೈತಿ ನೋಡೀಯಿಲ್ಲ? ಹಿಂಗ ನಡದ್ರ ಬಸವ ಜಯಂತಿಗೆ ನೂರು ಹಾಳಿನೂ ಆಗೂದಿಲ್ಲ. ಜರಾ ಜೋರ್ ಮಾಡ್ತೇನಿ. ಹುಡುಗಿಗೆ ಹೇಳಬ್ಯಾಡ, ಅಂಜತಾಳ."

ಅವನು ಜಂಪರ್ ಒಂದು ಮನೆ ಸರಿಸಿದ. ಆಮೇಲೆ ಧೂಳು ತೆಗೆಯಲು ಫ್ಯಾನು, ಗಟ್ಟಿ ಎರಡನ್ನೂ ಬಿಚ್ಚಿದ. ಚಿಪ್ಪಿನ ಮೇಲೆ ಬಿಳಿಯ ಮುಲಾಮಿನಂಥದು ಮೆತ್ತಿತ್ತು. ಹೊಲಸು ಎಂದು ಒರೆಸಿದ. ಚಿಪ್ಪಿನ ನೆತ್ತಿಗೂ ಗಟ್ಟಿಗೂ ಲೋಹಕ್ಕೆ ಲೋಹ ತಾಗುವುದನ್ನು ನೋಡಿ ನಾಲಿಗೆ ಕಚ್ಚಿಕೊಂಡ. ಮೋಟಾರಿನಲ್ಲಿ ತಾಮ್ರದ ತಂತಿ ಕಬ್ಬಿಣಕ್ಕೆ ತಾಗಿತೆಂದರೆ ಮೋಟಾರು ಸತ್ತಂತೆ. ಅದಕ್ಕೇ ಪ್ರತಿ ಕಾಯಿಲಿನ ಕೆಳಗೆ ದಪ್ಪ ಹಾಳೆಯಂಥ ಇನ್ಸುಲೇಶನ್ ಕಾಗದ ಹಾಕುತ್ತೇವೆ. ಅಂಥದೇ ಕಾಗದದಲ್ಲಿ ತೆಳ್ಳಗಿನದನ್ನು ಆರಿಸಿ, ಚಿಪ್ಪಿನ ಅಳತೆಗೆ ಕತ್ತರಿಸಿ ನಡುವೆ ಇಟ್ಟ. ಮತ್ತೆ ಬಿಗಿದ. "ಕಾಗದ ಹಾಕದ ಬಿಟ್ಟಿದ್ರಲ್ಲ ಕಂಪನಿಯವ್ರು, ಸುದೈವ ಸುಟ್ಟಿಲ್ಲ" ಎಂದ.

ಯಂತ್ರ ಶುರುವಾಗುವಾಗ ಪರದೆಯ ಮೇಲೆ ಮುನ್ನೂರು ಎಂಬಲ್ಲಿ ನಾಲ್ಕುನೂರಾ ಐವತ್ತು ಎಂದು ಬಂತು. ಜಯಮಾಲಾ ಅದನ್ನು ಗಮನಿಸಲಿಲ್ಲ. "ಅತ್ತಿ, ಇವತ್ತ ಎಷ್ಟು ಚುರುಕಾಗೇತಿ ನೋಡ" ಎಂದಳು. ಚಳಿ ಇನ್ನೂ ಇತ್ತು. ಶಿವರಾತ್ರಿಯ ಹೊತ್ತಿಗೆ ಎಪ್ಪತ್ತೆಂಟು ಹಾಳೆ ಮುಗಿದಿದ್ದವು.

ಶಿವರಾತ್ರಿ ಕಳೆದ ಒಂಬತ್ತನೆಯ ದಿನ ಮೊದಲ ಸಲ ನಿಂತಿತು. ಪರದೆಯ ಮೇಲಿನ ಬಾಣ ಇದ್ದಲ್ಲೇ ಇತ್ತು, ಏನು ಒತ್ತಿದರೂ ಅಲ್ಲಾಡಲಿಲ್ಲ. ಆರಿಸಿ ಹಚ್ಚಿದಳು, ನಡೆಯಿತು, ಆದರೆ ಒಂದೂವರೆ ಹಾಳೆ ಹೋಗಿತ್ತು. ನಾಲ್ಕು ದಿನ ಬಿಟ್ಟು ಮತ್ತೆ. ಯುಗಾದಿ ಬರುವಷ್ಟರಲ್ಲಿ ದಿನಕ್ಕೆ ಮೂರು ಸಲ. ಒಮ್ಮೆ ಪರದೆಯೆಲ್ಲ ನೀಲಿಯಾಗಿ ಬಿಳಿಯ ಅಕ್ಷರ ತುಂಬಿದವು. ಒಮ್ಮೆ ಇಟ್ಟಿದ್ದ ಹಾಳೆ ತೆಗೆದರೆ ಅಕ್ಷರದ ಬದಲು ಚೌಕಟ್ಟುಗಳು. ಬಾಗೇವಾಡಿಯ ಬಾವಿಗಳ ಹನ್ನೊಂದು ಹಾಳೆ ಹೀಗೇ ಹಾಳಾದವು.

ಶಂಕರೆಪ್ಪ ಅಂಗಡಿ ಬಿಟ್ಟು ಇದರ ಹಿಂದೆ ಬಿದ್ದ. ಮೊದಲು ಕರೆಂಟು ಸರಿಯಿಲ್ಲ ಎಂದು ಸ್ಟೆಬಿಲೈಜರ್ ತಂದಿಟ್ಟ. ಮುಳ್ಳು ಇನ್ನೂರ ಇಪ್ಪತ್ತಕ್ಕೆ ನಿಂತಿರುತ್ತಿತ್ತು, ಯಂತ್ರವೂ ನಿಲ್ಲುತ್ತಿತ್ತು. ಕಂಪ್ಯೂಟರಿನ ಮೆಮೊರಿ ಪಟ್ಟಿಯನ್ನು ಕಿತ್ತು ಅದರ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಉಜ್ಜಿ ಕೂಡಿಸಿದ. ಎರಡು ದಿನ ಚೆನ್ನಾಗಿತ್ತು, ಯಾಕೆಂದರೆ ಆ ಎರಡು ದಿನ ಮೋಡವಿತ್ತು. ಅಂಗಡಿಯ ಬ್ಲೋವರ್ ಹಿಡಿದು ಧೂಳು ಊದಿದ. ಜಯಮಾಲಾ ವಿಂಡೋಸ್ ಅಳಿಸಿ ಮೊದಲಿನಿಂದ ಹಾಕಿದಳು. ಮಧ್ಯಾಹ್ನ ಮತ್ತೆ ನಿಂತಿತು.

ಒಂದು ದಿನ ತಮ್ಮನ ಬಾಯಿಂದ ಆ ಮಾತು ಬಂತು. "ಜಯಾ, ಜರಾ ಸಾವಕಾಶ ಒತ್ತವಾ. ನಿನ್ನ ಕೈಯ..." ಎಂದು ಅಲ್ಲಿಗೇ ನುಂಗಿದ.

"ನನ್ನ ಕೈ ಏನಪಾ?"

"ಏನಿಲ್ಲ, ಏನಿಲ್ಲ."

"ಮೋರಟಗ್ಯಾಗ ಪೂರಾ ಹೇಳತಿದ್ರು. ನೀ ಅರ್ಧಾ ಹೇಳೀದಿ, ಅಷ್ಟ ಫರಕು" ಎಂದು ಅವಳು ಎದ್ದು ಹಿತ್ತಲಿಗೆ ಹೋದಳು. ಆ ದಿನ ಅವಳು ಮತ್ತೆ ಯಂತ್ರ ಮುಟ್ಟಲಿಲ್ಲ.

ಮರುದಿನದಿಂದ ನಾನು ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕುಳಿತೆ. ಹಚ್ಚಿದ ಹೊತ್ತು, ನಿಂತ ಹೊತ್ತು ಗಡಿಯಾರ ನೋಡಿ ಬರೆದೆ. ಬೆಳಗ್ಗೆ ಆರಕ್ಕೆ ಹಚ್ಚಿದರೆ ಎರಡು ತಾಸು ನಲವತ್ತು ನಿಮಿಷ. ಮಧ್ಯಾಹ್ನ ಹನ್ನೆರಡೂವರೆಗೆ ಹಚ್ಚಿದರೆ ಇಪ್ಪತ್ತೆರಡು ನಿಮಿಷ. ಪೆಟ್ಟಿಗೆಯ ಬಾಗಿಲು ತೆರೆದು ಟೇಬಲ್ ಫ್ಯಾನು ಬಿಟ್ಟರೆ ಒಂದು ತಾಸು ಐದು ನಿಮಿಷ. ಹಚ್ಚಿ ಏನೂ ಮಾಡದೆ ಬಿಟ್ಟರೆ ನಿಲ್ಲುವುದೇ ಇಲ್ಲ. ಕೆಲಸ ಕೊಟ್ಟರೆ ನಿಲ್ಲುತ್ತದೆ. ಆಮೇಲೆ ಒಂದು ಮಧ್ಯಾಹ್ನ ತಮ್ಮನನ್ನೇ ಕೂಡಿಸಿದೆ.

"ನನಗ ಒತ್ತಾಕ ಬರೂದಿಲ್ಲಕ್ಕಾ."

"ಹಾಳಿ ತಗಿ, ಮುಚ್ಚು, ತಗಿ, ಮುಚ್ಚು. ಅಷ್ಟ ಮಾಡು."

ಇಪ್ಪತ್ತನಾಲ್ಕು ನಿಮಿಷಕ್ಕೆ ಅವನ ಕೈಯಲ್ಲೂ ನಿಂತಿತು. ನಾನು ಜಯಮಾಲಾಳನ್ನು ಕರೆದು ತೋರಿಸಿದೆ. ಅವಳು ನಗಲಿಲ್ಲ. "ಅಪ್ಪನ ಕೈಗುಣನೂ ಕೆಟ್ಟೇತೇನತ್ತಿ?" ಎಂದಳು.

"ಶಂಕರಾ, ಇದು ಕಾಯ್ತೈತಿ. ಮೋಟಾರಿನಂಗ, ಹೊರಿ ಬಿದ್ದಾಗ ಕಾಯ್ತೈತಿ" ಎಂದೆ.

ಅವನು ಪೆಟ್ಟಿಗೆಯೊಳಗೆ ಕೈಬಿಟ್ಟು ಗಟ್ಟಿಗೆ ಬೆರಳಿನ ಹಿಂಬದಿ ತಾಗಿಸಿದ. ಇಪ್ಪತ್ತೊಂಬತ್ತು ವರ್ಷ ಮೋಟಾರಿನ ಬಿಸಿ ನೋಡಿದ ಬೆರಳು ಅದು. "ಉಗುರುಬೆಚ್ಚಗೈತಿ ಅಷ್ಟ. ಇಷ್ಟು ಬಿಸ್ಯಾಗ ನನ್ನ ಮೋಟಾರು ಎಂಟು ದಿನ ತಿರಗತಾವ. ಬಿಸಿ ಅಲ್ಲಿದು" ಎಂದ. ನಾನೂ ಮುಟ್ಟಿ ನೋಡಿದೆ. ಅವನು ಹೇಳಿದ್ದು ನಿಜವಿತ್ತು, ಬಹಳ ಬಿಸಿ ಇರಲಿಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯಲಿಲ್ಲ.

ಬಸವ ಜಯಂತಿಗೆ ಹದಿನೆಂಟು ದಿನ ಉಳಿದಿದ್ದವು. ಚನ್ನಬಸಯ್ಯ ಮಾಸ್ತರರು ಬಂದು, ಕೊಡೆ ಮಡಚಿ ಕುಳಿತರು. "ಯವ್ವಾ, ಬೇಕಾದ್ರ ಉಳದದ್ದು ವಿಜಾಪುರದಾಗ ಮಾಡಸ್ತೇನಿ. ನಿನಗ್ಯಾಕ ತ್ರಾಸು" ಎಂದರು. ಜಯಮಾಲಾ ಅವರ ಕಾಲು ಮುಟ್ಟಿ, "ಬಸವ ಜಯಂತಿತನಕ ತಡೀರಿ, ಅಯ್ಯನವರ" ಎಂದಳು. ಅವರು ಒಪ್ಪಿದರು. ನೂರ ಐದು ಹಾಳೆ ಉಳಿದಿದ್ದವು.

ಅದೇ ವಾರ ಪ್ರೇಮಕುಮಾರ ಮುದ್ದೇಬಿಹಾಳದ ಒಂದು ಶಾಲೆಗೆ ಕಂಪ್ಯೂಟರು ಜೋಡಿಸಲು ಹೋಗುವಾಗ ನಮ್ಮಲ್ಲಿ ಇಳಿದ. ಜಯಮಾಲಾ ಫೋನು ಮಾಡಿ ಕರೆದಿದ್ದಳು. ನನ್ನ ನೋಟ್‌ಬುಕ್ ನೋಡಿದ. ಎರಡು ಸಲ ನೋಡಿದ. ಆಮೇಲೆ ತಮ್ಮನ ಕಡೆ ತಿರುಗಿ ಕೇಳಿದ.

"ಮಾವಾರ, ಸ್ಪೀಡ್ ಏನರ ಬದಲ ಮಾಡೀರೇನ್ರಿ?"

"ಇಲ್ಲಪಾ."

ಮಗಳು ಅಲ್ಲೇ ಇದ್ದಳು. ನಾನೂ ಅಲ್ಲೇ ಇದ್ದೆ, ಬ್ಯಾಟರಿ ಹಿಡಿದ ಕೈ ನನ್ನದೇ. ಪ್ರೇಮಕುಮಾರ ಯಂತ್ರ ಹಚ್ಚಿದ. ನಾಲ್ಕುನೂರಾ ಐವತ್ತು ಎಂದು ಪರದೆಯ ಮೇಲೆ ಬಂದುಹೋಯಿತು. ಅವನು ಅದನ್ನು ಕಂಡ, ನನಗೆ ಗೊತ್ತಾಯಿತು. ಹಿರಿಯರ ಮಾತನ್ನು ಮುಖದ ಮುಂದೆ ಸುಳ್ಳು ಎನ್ನುವ ಹುಡುಗನಲ್ಲ ಅವನು.

"ಹಂಗಾರ ಒಂದು ಕೆಲಸ ಮಾಡ್ರಿ" ಎಂದ ನೆಲ ನೋಡುತ್ತ. "ನಾ ಕೊಟ್ಟಾಗ ಹೆಂಗಿತ್ತೋ ಹಂಗ ಎಲ್ಲಾ ಒಂದ ಸಲ ಮಾಡಿ ನೋಡ್ರಿ. ಒಂದೊಂದ ಬದಲ ಮಾಡ್ರಿ, ಒಂದೊಂದಕ್ಕೂ ಅತ್ತಿಯವ್ರು ನಿಮಿಷ ಎಣಸ್ಲಿ." ಚೀಲದಿಂದ ಬಿಳಿಯ ಮುಲಾಮಿನ ಸಣ್ಣ ಟ್ಯೂಬ್ ತೆಗೆದು ಜಯಮಾಲಾಗೆ ಕೊಟ್ಟ. "ಪ್ರೊಸೆಸರಿಗೂ ಆ ಗಟ್ಟಿಗೂ ನಡುವ ಇದನ್ನ ತಿಳುವಾಗಿ ಸವರಬೇಕು. ಎರಡೂ ಒಂದಕ್ಕೊಂದು ಕೂಡಬೇಕು. ಒಳಗಿನ ಬಿಸಿ ಹೊರಗ ಬರೂದು ಅದರಿಂದನ." ಬಸ್ಸಿಗೆ ಹೊತ್ತಾಯಿತೆಂದು ಹೊರಟ.

ಅವನು ಹೋದ ಮೇಲೆ ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ. "ಹುಡುಗನ ಮುಂದ ಸುಳ್ಳ್ಯಾಕ ಹೇಳ್ದಿ?"

ತಮ್ಮ ವಾರ್ನಿಶ್ ಡಬ್ಬಿಯ ಮುಚ್ಚಳ ತಿರುವುತ್ತ ಕುಳಿತ. "ಹೌದು ಅಂದಿದ್ರ ಮುಂದಿನ ಮಾತು ಯಾವುದು ಬರತಿತ್ತು? ಕಂಪ್ಯೂಟರು ಜೋರ್ ಓಡ್ಸಿ ಕೆಡಸಿದಂವ ಮೋಟಾರು ಏನು ಮಾಡ್ಯಾನ ಅಂತ ಕೇಳೂದಿಲ್ಲೇನು?"

"ಕೇಳಲಿ."

"ಮೂರು ತಾಲೂಕಿನ್ಯಾಗ ನನ್ನ ಮೋಟಾರು ಅದಾವ, ಅಕ್ಕಾ. ಎಲ್ಲಾ ಹಂಗ ಕಟ್ಟೇನಿ. ಎಲ್ಲಾ ನೀನ ಎಣಿಸೀದಿ."

ಅಂದು ಸಂಜೆ ಅವನು ತಾನಾಗಿಯೇ ಪೆಟ್ಟಿಗೆ ಬಿಚ್ಚಿ ಜಂಪರ್ ಮೊದಲಿನ ಮನೆಗೆ ಸರಿಸಿದ. ಈ ಸಲ ಜಯಮಾಲಾ ನೋಡುತ್ತ ನಿಂತಿದ್ದಳು. ಪರದೆಯ ಮೇಲೆ ಮುನ್ನೂರು ಎಂದು ಬಂದದ್ದನ್ನು ಓದಿದಳು.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಹಚ್ಚಿದೆವು. ಇಪ್ಪತ್ತೆರಡು ನಿಮಿಷ ದಾಟಿತು. ಒಂದು ತಾಸು ದಾಟಿತು. ಒಂದು ತಾಸು ಐವತ್ತು ನಿಮಿಷಕ್ಕೆ ನಿಂತಿತು.

ಶಂಕರೆಪ್ಪನ ಮುಖ ಅರಳಿದ್ದನ್ನು ಕಂಡು ನನಗೆ ಬಹಳ ಕೆಟ್ಟದೆನಿಸಿತು. "ನೋಡ್ದಿ? ಸ್ಪೀಡ್ ಅಲ್ಲ ಅದು! ಸ್ಪೀಡ್ ಇಳಿಸಿದ್ರೂ ನಿಂತೈತಿ" ಎಂದ.

"ಅಪ್ಪಾ" ಎಂದಳು ಜಯಮಾಲಾ. "ಸ್ಪೀಡ್ ಅಲ್ಲಂದ್ರ ಕಡೀಗೆ ಉಳಿಯೂದು ಏನು? ನನ್ನ ಕೈ. ಅದಕ್ಕೇನು ಇಷ್ಟು ಖುಷಿ ಆಗೀದಿ?"

ಅವನು ಮಗಳ ಕಡೆ ನೋಡದೆ ಯಂತ್ರ ಆರಿಸಿದ.

ನಾನು ನೋಟ್‌ಬುಕ್ ತೋರಿಸಿದೆ. "ಇಪ್ಪತ್ತೆರಡು ಹೋಗಿ ನೂರಾ ಹತ್ತು ನಿಮಿಷ ಆಗೇತಿ. ಅರ್ಧಾ ರೋಗ ಹೋಗೇತಿ, ಅರ್ಧಾ ಉಳದೈತಿ. ಇನ್ನೊಂದು ಏನು ಬದಲ ಮಾಡೀದಿ, ಶಂಕರಾ? ಬ್ಯಾಟರಿ ನಾನ ಹಿಡಿದಿದ್ನಿ. ನೀ ಹೇಳತೀಯೋ, ನಾ ಹೇಳಲ್ಯೋ?"

ಅವನು ಹೇಳುವವರೆಗೆ ಜಯಮಾಲಾ ಕಾಯಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ತಾನೇ ಗಟ್ಟಿಯನ್ನು ಬಿಚ್ಚಿದಳು. ಕೆಳಗೆ ಕಾಗದ ಇತ್ತು. ನಡುವೆ ಚಿಪ್ಪಿನ ಆಕಾರಕ್ಕೆ ಕಂದಾಗಿ, ಹಂಚಿನ ಮೇಲೆ ಹೊತ್ತಿದ ರೊಟ್ಟಿಯ ಹಾಗಿತ್ತು. ಚಿಪ್ಪು ಕಾದು ಕುದಿಯುತ್ತಿದ್ದರೂ ಆ ಬಿಸಿ ಗಟ್ಟಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ತಮ್ಮನ ಬೆರಳಿಗೆ ಉಗುರುಬೆಚ್ಚಗೆ ಎನಿಸಿದ್ದು ಅದಕ್ಕೇ.

"ಇದನ್ಯಾಕ ಹಾಕಿದ್ಯಪಾ ಇಲ್ಲಿ?"

"ಲೋಹಕ್ಕ ಲೋಹ ತಾಗಬಾರ್ದಂತ..." ಅಷ್ಟೇ ಅಂದ. ಐವತ್ತಾರು ವರ್ಷದ ಗಂಡಸು, ನೆಲದ ಮೇಲೆ ಕುಳಿತುಬಿಟ್ಟ.

ಅವಳು ಕಾಗದ ತೆಗೆದು, ಮುಲಾಮು ಸವರಿ, ಗಟ್ಟಿ ಬಿಗಿದಳು. ಮಧ್ಯಾಹ್ನ ಮೂರಕ್ಕೆ ಹಚ್ಚಿದ ಯಂತ್ರ ಸಂಜೆ ಕರೆಂಟು ಹೋಗುವವರೆಗೆ ನಡೆಯಿತು. ಮರುದಿನವೂ ನಡೆಯಿತು. ಮೂರನೆಯ ದಿನ ನಾನು ನಿಮಿಷ ಎಣಿಸುವುದನ್ನು ಬಿಟ್ಟೆ.

ಆದರೆ ಮನೆಯಲ್ಲಿ ಮಾತು ನಿಂತಿತು. ಯಂತ್ರ ಸರಿಯಾದ ರಾತ್ರಿ ಊಟಕ್ಕೆ ಬಡಿಸುತ್ತ ಜಯಮಾಲಾ ಕೇಳಿದ್ದಳು. "ಮೋರಟಗಿ ಮೋಟಾರಿಗೂ ಏನರ ಹಿಂಗ ಮಾಡಿದ್ದೇನಪಾ?" ಶಂಕರೆಪ್ಪ ರೊಟ್ಟಿ ಮುರಿಯದೆ ಎಲ್ಲ ಹೇಳಿದ. ನಲವತ್ತೆಂಟು, ನಲವತ್ತೊಂದು, ಟಿ.ಸಿ.

"ಟಿ.ಸಿ. ಸುದ್ದಿ ಸಂಕ್ರಮಣದಾಗ ಗೊತ್ತಾತಲ್ಲ ನಿನಗ. ಮೂರು ತಿಂಗಳಾತು." ಆಮೇಲೆ ನನ್ನ ಕಡೆ ತಿರುಗಿದಳು. "ಅತ್ತಿ, ನಿನಗೂ ಗೊತ್ತಿತ್ತೇನು?"

"ಗೊತ್ತಿತ್ತವಾ" ಎಂದೆ.

ಆಮೇಲೆ ಹನ್ನೊಂದು ದಿನ ಅವಳು ನಮ್ಮಿಬ್ಬರ ಜೊತೆ ಮಾತಾಡಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು, ಯಂತ್ರದ ಮುಂದೆ ಕೂಡುತ್ತಿದ್ದಳು. ಮನೆಯಲ್ಲಿ ಕೀಲಿಮಣೆಯ ಸದ್ದೊಂದೇ.

ಬಸವ ಜಯಂತಿಯ ಮರುದಿನ ಮಲ್ಲಣ್ಣನವರು, ಕಲ್ಮೇಶ, ನಾಲ್ಕು ಮಂದಿ ಹಿರಿಯರು ಬಂದರು. ಪುಸ್ತಕ ಮುಗಿದಿರಲಿಲ್ಲ, ಮೂವತ್ತೊಂದು ಹಾಳೆ ಉಳಿದಿದ್ದವು. ಜಯಮಾಲಾ ಮುಗಿದಷ್ಟನ್ನು ಜೋಡಿಸಿ ಅವರ ಮುಂದೆ ಇಟ್ಟಳು.

"ನಡು ನಡುವ ನಿಂತಿತ್ತಂತಲ್ಲ" ಎಂದರು ಮಲ್ಲಣ್ಣನವರು ಹಾಳೆ ಮುಟ್ಟದೆ. "ಹಿಪ್ಪರಗ್ಯಾಗ ಎಲ್ಲಾರಿಗೂ ಗೊತ್ತೈತಿ. ಗಿರಣಿ ಆತು, ಕಂಪ್ಯೂಟರು ಆತು. ಇನ್ನೇನು ಹೇಳಬೇಕ್ರಿ ನಾವು?"

ಜಯಮಾಲಾ ತಂದೆಯ ಕಡೆ ನೋಡಲಿಲ್ಲ. ನಾನು ನೋಡಿದೆ. ಅವನು ಎದ್ದು ನಿಂತು ಕೈ ಮುಗಿದ.

"ಬೀಗರ, ಕಂಪ್ಯೂಟರು ನಿಂತಿದ್ದು ನನ್ನ ಕೈಯಿಂದ. ನಿಮ್ಮ ಮೋಟಾರು ಎರಡ ಸಲ ಸುಟ್ಟಿದ್ದೂ ನನ್ನ ಕೈಯಿಂದ. ನಲವತ್ತೆಂಟು ಹಾಕೂ ಜಾಗಾದಾಗ ನಲವತ್ತೊಂದು ಹಾಕೇನಿ. ಹೊಸಾ ಟಿ.ಸಿ. ಕರೆಂಟಿಗೆ ಅದು ಸುಡೂದ. ಹುಡುಗಿ ಗುಂಡಿ ಒತ್ಯಾಳ ಅಷ್ಟ."

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಮಲ್ಲಣ್ಣನವರು ನಕ್ಕರು. "ಮಗಳ ಸಲುವಾಗಿ ಯಾವ ತಂದಿ ಹೇಳೂದಿಲ್ರಿ ಇಂಥಾ ಮಾತು? ನಂಬೂದು ಹ್ಯಾಂಗ?"

"ಸುಟ್ಟ ಮೋಟಾರು ಎಲ್ಲೈತಿ?"

"ಗಿರಣಿ ಮೂಲ್ಯಾಗ ಬಿದ್ದೈತಿ" ಎಂದ ಕಲ್ಮೇಶ. ಅಂದು ಅವನು ಆಡಿದ ಮೊದಲ ಮಾತು ಅದು.

"ನಾಳೆ ಬರ್ತೇನಿ. ನಿಮ್ಮ ಓಣ್ಯಾಗ, ಎಲ್ಲಾರ ಮುಂದ ಬಿಚ್ಚತೇನಿ. ನೀವ ಎಣಸ್ರಿ."

ಮರುದಿನ ಸಿಂದಗಿಯಲ್ಲಿ ಬಸ್ಸು ಬದಲಿಸಿ ನಾನು, ತಮ್ಮ ಇಬ್ಬರೇ ಮೋರಟಗಿಗೆ ಹೋದೆವು. ಕಲ್ಮೇಶ ಸಿಂದಗಿಯಿಂದ ಬೇರೊಬ್ಬ ಮೋಟಾರು ಕಟ್ಟುವವನನ್ನು ಕರೆಸಿದ್ದ. ಗಿರಣಿಯ ಮುಂದೆ ಮೂವತ್ತು ನಲವತ್ತು ಜನ ಸೇರಿದ್ದರು, ಹಿಟ್ಟಿನ ಬುಟ್ಟಿ ಹೊತ್ತ ಹೆಂಗಸರೂ ಇದ್ದರು. ಶಂಕರೆಪ್ಪ ಉಳಿ ಹಚ್ಚಿ ತಾನು ಕಟ್ಟಿದ ಕಾಯಿಲ್ ಕತ್ತರಿಸಿದ. ಕಲ್ಮೇಶ ಕರಿಯ ತಂತಿಯ ತುಂಡುಗಳನ್ನು ಒಂದೊಂದಾಗಿ ಎಳೆದು ಗಟ್ಟಿಯಾಗಿ ಎಣಿಸಿದ. ನಲವತ್ತೊಂದು. ಇನ್ನೊಂದು ಕಾಯಿಲ್ ಎಣಿಸಿದ. ನಲವತ್ತೊಂದು. ಸಿಂದಗಿಯವನು ತಗಡಿನ ಪಟ್ಟಿ ಒರೆಸಿ ಓದಿ, "ಇದಕ್ಕ ನಲವತ್ತೆಂಟು ಬೇಕ್ರಿ. ತುಂಬಿದ ಕರೆಂಟಿಗೆ ಇದು ಉಳಿಯೂದಲ್ಲ" ಎಂದ.

ರೇಣವ್ವ ಬಾಗಿಲಲ್ಲಿ ನಿಂತಿದ್ದಳು. "ಸುತ್ತು ಕಡಿಮಿ ಇದ್ದದ್ದು ಖರೇ. ಆದರ ಎರಡೂ ಸಲ ಆಕಿ ಒತ್ತಿದಾಗನ ಯಾಕ ಸುಡಬೇಕು?"

"ದಿನಾ ಬೆಳಗಾದ್ರ ನೀವು ಆಕಿ ಕೈಲೇ ಒತ್ತಸ್ತಿದ್ರಿ, ಬೀಗತಿ. ಇನ್ಯಾರ ಒತ್ತಿದಾಗ ಸುಡಬೇಕಾಗಿತ್ತು?" ಎಂದ ಶಂಕರೆಪ್ಪ. ಒಂದಿಬ್ಬರು ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ರೇಣವ್ವ ಒಳಗೆ ಹೋದಳು. ಮಲ್ಲಣ್ಣನವರು ಸೋಡಚೀಟಿಯ ಮಾತು ಮತ್ತೆ ಎತ್ತಲಿಲ್ಲ.

ಎಂಟು ದಿನ ಬಿಟ್ಟು ಕಲ್ಮೇಶ ಹೆಂಡತಿಯನ್ನು ಕರೆಯಲು ಬಂದ. ಜಯಮಾಲಾ ಅವನಿಗೆ ನೀರು ಕೊಟ್ಟು ಎದುರಿಗೇ ಕುಳಿತಳು.

"ನಿಮ್ಮವ್ವ ಓಣಿ ತುಂಬ ಹೇಳಿದ್ರು. ಅದು ಸುಳ್ಳಂತ ಓಣಿ ತುಂಬ ಹೇಳಿ ಬರಲಿ, ಆವಾಗ ಬರ್ತೇನಿ."

"ಅವ್ವ ಹಂಗ ಹೇಳೂದಿಲ್ಲ, ಜಯಾ. ನಿನಗ ಗೊತ್ತೈತಲ್ಲ."

"ನೀವ ಹೇಳ್ರಿ ಹಂಗಾರ."

ಅವನು ನೀರು ಕುಡಿದು, ಚೊಂಬು ಕೆಳಗಿಟ್ಟು ಹೊರಟುಹೋದ. ಈಗಲೂ ಹಬ್ಬಕ್ಕೊಮ್ಮೆ ಬರುತ್ತಾನೆ, ಕುಳಿತು ಹೋಗುತ್ತಾನೆ.

ಮಾಸ್ತರರ ಪುಸ್ತಕ ಕಾರ ಹುಣ್ಣಿಮೆಯೊಳಗೆ ಮುಗಿಯಿತು. ಮೋರಟಗಿಯಲ್ಲಿ ನಡೆದ ಸುದ್ದಿ ಅದಕ್ಕಿಂತ ಮೊದಲೇ ಎಲ್ಲ ಕಡೆ ಹರಡಿತ್ತು. ಶಂಕರೆಪ್ಪನ ಅಂಗಡಿಗೆ ಬರುವ ಮೋಟಾರು ಅರ್ಧಕ್ಕಿಳಿದವು. ಅವನು ಚೀಲದಲ್ಲಿ ಸಾಮಾನು ಹಾಕಿಕೊಂಡು, ಟಿ.ಸಿ. ಹೊಸದಾದ ಊರು ಯಾವುವು ಎಂದು ಕೇಳಿಕೊಂಡು, ತಾನು ಕಟ್ಟಿದ ಮೋಟಾರು ಹುಡುಕಿ ಸುತ್ತು ಸರಿಮಾಡಿಕೊಡಲು ಹೋಗತೊಡಗಿದ. ಮಳೆಗಾಲವೆಲ್ಲ ಅದೇ ಕೆಲಸ. ಕೆಲವರು ಬೈದರು. ಅಗರಖೇಡದಲ್ಲಿ ಒಬ್ಬರು, "ಚಲೋ ಎಳಿತೈತಿ, ಬಿಡ್ರಿ ಮಾರಾಯ್ರ, ಸುಟ್ಟ ಮ್ಯಾಲ ನೋಡೂಣು" ಎಂದು ಬಿಚ್ಚಲು ಬಿಡಲಿಲ್ಲ. ಅದು ಸುಡುವುದನ್ನು ನೆನೆದು ತಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಈಗ ಅವನು ಸುತ್ತು ಹೇಳುವ ಮೊದಲು ತಗಡಿನ ಪಟ್ಟಿ ಒರೆಸಿ ನನಗೆ ಓದಲು ಹೇಳುತ್ತಾನೆ. ಕಂಪ್ಯೂಟರಿನ ಪೆಟ್ಟಿಗೆಯನ್ನು ಮುಟ್ಟಲು ಜಯಮಾಲಾ ಅವನಿಗೆ ಬಿಡುವುದಿಲ್ಲ. ಮಾತಾಡುತ್ತಾಳೆ, ನಗುತ್ತಾಳೆ, ಅಷ್ಟಕ್ಕೆ ಮಾತ್ರ ಬಿಡುವುದಿಲ್ಲ.

ಕಳೆದ ಮಾಘದಲ್ಲಿ ಮೋರಟಗಿ ಕಡೆಯ ಒಬ್ಬ ಹೆಂಗಸು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಳು. ಹೊಸ್ತಿಲಲ್ಲೇ ನಿಂತು ಪಡಸಾಲೆಯೊಳಗೆ ಇಣುಕಿದಳು.

"ಯವ್ವಾ, ಇದನ್ನ ನೀನ ಒತ್ತತೀಯೇನು, ಬ್ಯಾರೆ ಯಾರರ ಅದಾರೇನು?"

ಹೊರಗೆ ಮೋಟಾರು ಬಿಚ್ಚುತ್ತಿದ್ದ ಶಂಕರೆಪ್ಪನ ಸುತ್ತಿಗೆ ನಿಂತಿತು.

"ನಾನ ಒತ್ತತೇನ್ರಿ" ಎಂದಳು ಜಯಮಾಲಾ. "ಮನಸಿಲ್ಲಂದ್ರ ಬರದ ಹಾಳಿ ವಾಪಸ್ ಒಯ್ರಿ. ನಾ ಏನೂ ಅನ್ನೂದಿಲ್ಲ."

ಹೆಂಗಸು ಅವಳ ಕೈಗಳನ್ನೇ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಸೆರಗಿನ ಗಂಟಿನಿಂದ ಮಡಚಿದ ಹಾಳೆ ತೆಗೆದು ಕೊಟ್ಟಳು. ಜಯಮಾಲಾ ಅದನ್ನು ಬಿಡಿಸಿ, ಮದುಮಗಳ ಹೆಸರು ಏನೆಂದು ಕೇಳಿ, ಒತ್ತತೊಡಗಿದಳು.